ರೊಟ್ಟಿಯ ಸಪ್ಪಳ

ಮಧ್ಯಾಹ್ನ ಒಂದರ ಸುಮಾರಿಗೆ ನಮ್ಮ ಓಣಿಯಲ್ಲಿ ಖಡಕ್ ಜೋಳದ ರೊಟ್ಟಿ ಮುರಿಯುವ ಸಪ್ಪಳ ಕೇಳುತ್ತದೆ. ಪಕ್ಕದ ಮನೆಯ ಆಯಿ ಪಡಸಾಲೆಯಲ್ಲಿ ಕುಳಿತು ರೊಟ್ಟಿ ಮುರಿದರೆ ನಮ್ಮ ಅಡುಗೆಮನೆಯ ಕಿಟಕಿಗೆ ಅದು ಕೇಳುತ್ತಿತ್ತು. ಆಯಿಯ ಊಟವಾಯಿತು, ನಾವೂ ಏಳೋಣ ಎಂದುಕೊಳ್ಳುತ್ತಿದ್ದೆವು. ಕಳೆದ ವರ್ಷ ಯಾವಾಗಲೋ ಆ ಸಪ್ಪಳ ನಿಂತಿತು. ಎಂದು ನಿಂತಿತೆಂದು ನಮಗೂ ತಿಳಿಯಲಿಲ್ಲ, ಅವರ ಮನೆಯವರಿಗೂ ತಿಳಿಯಲಿಲ್ಲ. ಆಯಿ ಮೊದಲು ಖಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿ ಹಿಡಿದರು, ಆಮೇಲೆ ಅದನ್ನೂ ಸಾರಿನಲ್ಲಿ ನೆನೆಸಿಕೊಂಡರು, ಕೊನೆಗೆ ಅನ್ನ-ಹಾಲಿಗೆ ಬಂದು ನಿಂತರು. ಸೊಸೆ ಕೇಳಿದರೆ, "ಯಾಕೋ ಹಸಿವ ಆಗವಲ್ದವಾ" ಎನ್ನುತ್ತಿದ್ದರು. ಹಸಿವು ಬೇಕಾದಷ್ಟಿತ್ತು. ಬಾಯೊಳಗಿನ ಹಲ್ಲು ಅಲುಗಾಡುತ್ತಿದ್ದವು, ಅಷ್ಟೇ. ಒಂದು ಬೆಳಿಗ್ಗೆ ಗಲ್ಲ ಊದಿ ಕಣ್ಣಿನವರೆಗೂ ಏರಿದಾಗ ಮನೆಯವರೆಲ್ಲ ಗಾಬರಿಯಾಗಿ ಆಟೋ ಕರೆದರು.

ಇಷ್ಟು ದಿನ ಯಾಕೆ ಹೇಳಲಿಲ್ಲ ಆಯಿ ಎಂದು ಆಮೇಲೊಂದು ದಿನ ಕೇಳಿದೆ. ಸೂಜಿಯ ಹೆದರಿಕೆ ಎನ್ನುತ್ತಾರೆ, ಇಲ್ಲವೆ ಮಗನ ಖರ್ಚಿನ ಮಾತು ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ಬಹಳ ವರ್ಷಗಳ ಹಿಂದೆ ಒಮ್ಮೆ ಹಲ್ಲು ತೋರಿಸಲು ಹೋಗಿದ್ದರಂತೆ. ಆಯಿಗೆ ಮಿಶ್ರಿ ಹಚ್ಚುವ ರೂಢಿ. ತಂಬಾಕನ್ನು ಹುರಿದು ಪುಡಿ ಮಾಡಿ ವಸಡಿಗೆ ತಿಕ್ಕುವುದು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಅಂಟಿಕೊಳ್ಳುವುದೇ ಹಲ್ಲುನೋವಿನ ಔಷಧಿಯಾಗಿ. ನೋವು ಮರಗಟ್ಟುತ್ತದೆ, ಚಟ ಉಳಿಯುತ್ತದೆ. ಅಂದು ನೋಡಿದವರು ನಾಲ್ಕು ಜನರ ಎದುರಿಗೆ, "ಏನಬೇ ಇದು, ಬಾಯಿ ಅದನೋ ಒಲಿ ಅದನೋ?" ಎಂದರಂತೆ. ಸುತ್ತ ಕುಳಿತವರು ನಕ್ಕರಂತೆ. "ಹಲ್ಲಿನ ನೋವು ಮೂರ ದಿನಕ್ಕ ಹೋತಪಾ, ಆ ಮಾತು ಹೋಗಲಿಲ್ಲ" ಎಂದರು ಆಯಿ. ಅಂದಿನಿಂದ ಅವರು ಯಾರ ಮುಂದೆಯೂ ಬಾಯಿ ತೆರೆದಿರಲಿಲ್ಲ. ನಗುವಾಗಲೂ ಸೆರಗು ಅಡ್ಡ ಹಿಡಿಯುವುದನ್ನು ನಾನು ನೋಡಿದ್ದೆ. ಹಳೆಗಾಲದವರ ಸಂಕೋಚ ಎಂದುಕೊಂಡಿದ್ದೆ.

ಹಲ್ಲಿನ ಸ್ವಭಾವವೂ ಹೀಗೆಯೇ, ಬೇಗ ಬಾಯಿ ಬಿಡುವುದಿಲ್ಲ. ಅದರ ಹೊರಗವಚ, ಎನಾಮೆಲ್, ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು, ಎಲುಬಿಗಿಂತಲೂ ಗಟ್ಟಿ. ಆದರೆ ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಕವಚ ಸವೆಯುತ್ತಿರುವಾಗ ಯಾವ ನೋವೂ ಆಗುವುದಿಲ್ಲ. ಹುಳುಕು ಅದನ್ನು ದಾಟಿ ಒಳಪದರಕ್ಕೆ ಇಳಿದ ಮೇಲೆ ತಣ್ಣೀರು ಝುಮ್ಮೆನ್ನುತ್ತದೆ, ಇನ್ನೂ ಒಳಗಿನ ತಿರುಳಿಗೆ ಮುಟ್ಟಿದ ಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಂದರೆ ನೋವು ಬಂದಾಗ ಕೆಲಸದ ಮುಕ್ಕಾಲು ಪಾಲು ಕೆಟ್ಟಿರುತ್ತದೆ. ಶುರುವಿನಲ್ಲಿ ಕಾಣುವುದು ಸುಣ್ಣದ ಚುಕ್ಕೆಯಂಥ ಒಂದು ಮಾಸಲು ಬಿಳಿ ಕಲೆ ಮಾತ್ರ. ಆ ಹಂತದಲ್ಲಿ ಹಿಡಿದರೆ ನಮ್ಮ ಲಾಲಾರಸದಲ್ಲಿರುವ ಸುಣ್ಣದಂಶ, ಪೇಸ್ಟಿನ ಫ್ಲೋರೈಡ್ ಸೇರಿ ಹಲ್ಲನ್ನು ತಿರುಗಿ ಗಟ್ಟಿ ಮಾಡಬಲ್ಲವು. ತೂತು ಬಿದ್ದ ಮೇಲೆ ಆ ಅವಕಾಶವಿಲ್ಲ. ಆ ಬಿಳಿ ಕಲೆ ಹಲ್ಲಿನ ಒಡೆಯನಿಗೆ ತಾನಾಗಿ ತಿಳಿಯುವುದಿಲ್ಲ, ಇನ್ನೊಬ್ಬರು ಬೆಳಕು ಹಿಡಿದು ನೋಡಬೇಕು.

ನಾವು ಇಂದಿಗೂ "ಹಲ್ಲಿಗೆ ಹುಳ ಹತ್ತೇತಿ" ಎನ್ನುತ್ತೇವೆ. ಹಿಂದೆ ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವರೇ ಇರುತ್ತಿದ್ದರು. ನೆಲಗುಳ್ಳದ ಬೀಜ ಕೆಂಡಕ್ಕೆ ಹಾಕಿ, ಹೊಗೆ ಕೊಟ್ಟು, ಬಟ್ಟಲಿನ ನೀರಿನಲ್ಲಿ ಬಿಳಿಯ ಎಳೆಗಳನ್ನು ತೋರಿಸುತ್ತಿದ್ದರು. ಆ ಎಳೆ ಬೀಜದೊಳಗಿನ ಮೊಳಕೆಯೇ ಹೊರತು ಹುಳವಲ್ಲ. ನಿಜವಾದ ಜೀವಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಾವು ತಿಂದ ಸಿಹಿಯನ್ನೇ ಅವು ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಸುಮಾರು ಅರ್ಧ ತಾಸು ಈ ಕರಗಾಟ ನಡೆದು, ಆಮೇಲೆ ಲಾಲಾರಸ ಅದನ್ನು ಶಮನ ಮಾಡುತ್ತದೆ. ಆದ್ದರಿಂದ ಸಿಹಿ ಎಷ್ಟು ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದು ಮುಖ್ಯ. ಧಾರವಾಡದವರಿಗೆ ಇದು ಸಮಾಧಾನದ ಸುದ್ದಿ ಎನ್ನಬೇಕು: ಊಟದ ಜತೆಗೆ ಎರಡು ಪೇಡೆ ತಿಂದು ಬಾಯಿ ಮುಕ್ಕಳಿಸಿದರೆ ಹಲ್ಲು ಅಷ್ಟೇನೂ ಮುನಿಯುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ತಾಸಿಗೊಂದು ಅರ್ಧ ಕಪ್ ಸಕ್ಕರೆ ಚಹಾ, ಜತೆಗೆ ಎರಡು ಬಿಸ್ಕತ್ತು ಎನ್ನುವ ನಮ್ಮ ಅಂಗಡಿ-ಕಚೇರಿಗಳ ಪದ್ಧತಿ ಪೇಡೆಗಿಂತ ಕೆಟ್ಟದ್ದು. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸಿನ ಮುಂದಿನ ಹಲ್ಲುಗಳು ಎರಡು ವರ್ಷ ತುಂಬುವುದರೊಳಗೆ ಕರಗುವುದೂ ಇದೇ ಕಾರಣಕ್ಕೆ. ನಿದ್ದೆಯಲ್ಲಿ ಲಾಲಾರಸ ಒಸರುವುದು ಕಡಿಮೆ, ಹಾಲು ಹಲ್ಲಿನ ಸುತ್ತ ನಿಂತುಬಿಡುತ್ತದೆ.

ಈ 'ಎಷ್ಟು ಸಲ' ಎಂಬ ತಿಳಿವಳಿಕೆ ನಮಗೆ ಬಂದ ದಾರಿಯನ್ನು ನೆನೆದರೆ ಮನಸ್ಸು ಸಣ್ಣದಾಗುತ್ತದೆ. ಸ್ವೀಡನ್ನಿನ ಲುಂಡ್ ಊರಿನಲ್ಲಿ ವಿಪೆಹೋಲ್ಮ್ ಎಂಬ ಸಂಸ್ಥೆಯಿತ್ತು, ಬುದ್ಧಿಮಾಂದ್ಯರೆಂದು ಮನೆಯಿಂದ ದೂರ ಇಡಲ್ಪಟ್ಟವರ ವಾಸಸ್ಥಾನ. 1945ರಿಂದ ಅಲ್ಲಿ ನಡೆದ ಪ್ರಯೋಗದಲ್ಲಿ ಕೆಲವರಿಗೆ ಊಟದ ಜತೆಗೆ ಸಿಹಿ ಕೊಟ್ಟರು, ಕೆಲವರಿಗೆ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುನಡುವೆ ಹಲ್ಲಿಗೆ ಅಂಟುವ ಟಾಫಿಗಳನ್ನು ದಿನವೂ ಕೊಟ್ಟರು. ನಡುನಡುವೆ ತಿಂದವರ ಹಲ್ಲು ಹಾಳಾಗಿ ಹೋದವು. ವಿಜ್ಞಾನಕ್ಕೆ ಉತ್ತರ ಸಿಕ್ಕಿತು. ಆದರೆ ಆ ಬಾಯಿಗಳ ಒಡೆಯರನ್ನು 'ನಿಮ್ಮ ಒಪ್ಪಿಗೆ ಇದೆಯೇ' ಎಂದು ಯಾರೂ ಕೇಳಿರಲಿಲ್ಲ. ಮಕ್ಕಳಿಗೆ "ಹೊತ್ತಲ್ಲದ ಹೊತ್ತಿನಾಗ ಚಾಕ್ಲೇಟ್ ಬ್ಯಾಡ" ಎಂದು ನಾವು ಹೇಳುವಾಗ, ಆ ಹೆಸರಿಲ್ಲದವರ ಋಣ ನಮ್ಮ ಮೇಲಿದೆ.

ಸುದೈವಕ್ಕೆ ಹಲ್ಲಿನ ವೈದ್ಯಶಾಸ್ತ್ರ ಬೇರೆ ಪಾಠಗಳನ್ನೂ ಕಲಿತಿದೆ. ಮಕ್ಕಳ ದಂತವೈದ್ಯರಿಗೆ ಮೊದಲು ಕಲಿಸುವ ಸೂತ್ರ ಬಹಳ ಸರಳ: ಹೇಳು, ತೋರಿಸು, ಆಮೇಲೆ ಮಾಡು. ಪುಟ್ಟ ಕನ್ನಡಿಯನ್ನು ಮಗುವಿನ ಕೈಗೇ ಕೊಟ್ಟು, ಗಾಳಿ ಊದುವ ನಳಿಕೆಯನ್ನು ಮೊದಲು ಅದರ ಉಗುರಿನ ಮೇಲೆ ಊದಿ, ನಗಿಸಿ, ಆಮೇಲೆ ಬಾಯಿಗೆ ಒಯ್ಯುವುದು. ಅರವತ್ತು ದಾಟಿದವರಿಗೂ ಈ ಸೂತ್ರ ಅನ್ವಯಿಸಿದರೆ ಯಾವ ನಷ್ಟವೂ ಇಲ್ಲ ಎಂದು ನನ್ನ ಅನಿಸಿಕೆ. 1980ರ ದಶಕದ ನಡುವೆ ತಾಂಜಾನಿಯಾದ ಹಳ್ಳಿಗಳಲ್ಲಿ ಕರೆಂಟಿಲ್ಲ, ಕೊರೆಯುವ ಯಂತ್ರವಿಲ್ಲ ಎಂಬ ಕೊರತೆಯಿಂದಲೇ ಒಂದು ಹೊಸ ವಿಧಾನ ಹುಟ್ಟಿತು. ಹುಳುಕಿನ ಮೆತ್ತನೆಯ ಭಾಗವನ್ನು ಕೈ ಉಪಕರಣದಿಂದ ಮೆಲ್ಲಗೆ ಕೆರೆದು ತೆಗೆದು, ಹಲ್ಲಿಗೆ ಅಂಟುವ ಸಿಮೆಂಟ್ ತುಂಬುವುದು. ಬಹಳ ಸಲ ಸೂಜಿಯೂ ಬೇಡ, ಯಂತ್ರದ ಸಪ್ಪಳವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಅದನ್ನು ಎತ್ತಿ ಹಿಡಿದ ಮೇಲೆ ನಮ್ಮಂಥ ದೇಶಗಳ ಶಾಲೆಯ ವರಾಂಡಗಳಿಗೂ ಆ ಕೆಲಸ ಬಂತು.

ನಮ್ಮ ಅವಳಿ ನಗರದ ಮಂದಿಗೆ ದೂರ ಹೋಗುವ ಕಾರಣವೂ ಇಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಸತ್ತೂರಿನ ಧವಳನಗರದಲ್ಲಿ, 1986ರಿಂದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜು ಇದೆ. ಹಲ್ಲಿನ ಆಸ್ಪತ್ರೆ ಇರುವ ಜಾಗಕ್ಕೆ ಧವಳನಗರ ಎಂಬ ಹೆಸರು ತಾನಾಗಿ ಹೊಂದಿಕೊಂಡಿದೆ. ಕಲಿಸುವ ಆಸ್ಪತ್ರೆಗಳಲ್ಲಿ ಕೆಲಸ ನಿಧಾನ. ವಿದ್ಯಾರ್ಥಿ ನೋಡಬೇಕು, ಅವನ ಗುರು ಬಂದು ಮತ್ತೊಮ್ಮೆ ನೋಡಬೇಕು. ಗಡಿಬಿಡಿಯವರು ಇದಕ್ಕೆ ಬೇಸರಪಡುತ್ತಾರೆ. ಎರಡು ಜೊತೆ ಕಣ್ಣು ನೋಡಿದ ಬಾಯಿ ಅದೆಂದು ನಾನು ತಿಳಿಯುತ್ತೇನೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಆರೋಗ್ಯ ತಂಡ ಬಂದು ಮಕ್ಕಳನ್ನು ನೋಡುವಾಗ ಹಲ್ಲನ್ನೂ ನೋಡಬೇಕೆಂದಿದೆ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡಲು ರಾಜ್ಯ ಸರ್ಕಾರ 'ದಂತ ಭಾಗ್ಯ' ಎಂಬ ಯೋಜನೆ ತಂದಿತು. ಶಾಲೆಗೆ ಬಂದ ತಂಡ ಆಸ್ಪತ್ರೆಗೆ ತೋರಿಸಿರೆಂದು ಮಗುವಿನ ಕೈಗೆ ಚೀಟಿ ಬರೆದು ಕೊಡುತ್ತದೆ. ಆ ಚೀಟಿ ಪಾಟಿಚೀಲದ ತಳದಲ್ಲಿ ಮುದುಡಿ ಉಳಿಯದಂತೆ ನೋಡುವುದು ಮನೆಯವರ ಕೆಲಸ. ಕೂಲಿಯ ತಂದೆಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಪಗಾರ ಹೋದಂತೆ. "ಬೇರು ಚಿಕಿತ್ಸಾ ಎಲ್ಲಿ ಮಾಡಸ್ಕೋತ ಕುಂಡ್ರೂದ್ರೀ, ಕಿತ್ತ ಬಿಡ್ರಿ" ಎಂದು ಅವನು ಹೇಳಿದರೆ ಅಲಕ್ಷ್ಯ ಎನ್ನಬಾರದು, ಅದು ಅವನ ಲೆಕ್ಕ. ಆ ಲೆಕ್ಕ ಬದಲಾಗಬೇಕಾದರೆ ಅವನು ನೋವಿಲ್ಲದ ದಿನ ಬರಬೇಕು, ಕೆಲಸ ಸಣ್ಣದಿರುವಾಗ.

ಇನ್ನು ಗುಟ್ಕಾ. 2013ರಲ್ಲೇ ರಾಜ್ಯದಲ್ಲಿ ಅದನ್ನು ನಿಷೇಧಿಸಿದರು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಎಂದು ಅದು ಜೋಡಿಯಾಗಿ ತಿರುಗಿ ಬಂತು. ನಮ್ಮ ಊರಿನ ಹುಡುಗರಲ್ಲಿ ಒಂದು ಲಕ್ಷಣ ಗಮನಿಸಬೇಕು. ನಿನ್ನೆಯವರೆಗೆ ಗಿರ್ಮಿಟ್ಟಿನ ಜತೆ ನಾಲ್ಕು ಮಿರ್ಚಿ ಭಜಿ ತಿನ್ನುತ್ತಿದ್ದವನು ಇದ್ದಕ್ಕಿದ್ದಂತೆ ಖಾರ ಬೇಡ, ಬಾಯಿ ಉರಿಯುತ್ತದೆ ಎನ್ನತೊಡಗಿದರೆ, ಅಡಕೆಯ ದೆಸೆಯಿಂದ ಗಲ್ಲದ ಒಳಗಿನ ಚರ್ಮ ಗಡುಸಾಗುತ್ತಿರಬಹುದು. ಅದು ಬೆಳೆದರೆ ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಬರುತ್ತದೆ; ಮೂರು ಬೆರಳು ಒಟ್ಟಿಗೆ ಹಿಡಿಸುತ್ತಿದ್ದ ಬಾಯಿಗೆ ಎರಡು, ಆಮೇಲೆ ಒಂದು. ಕ್ಯಾನ್ಸರಿನ ದಾರಿಯೂ ಅಲ್ಲಿಂದ ತೆರೆದುಕೊಳ್ಳಬಹುದು. "ಖಾರ ಯಾಕ ಬ್ಯಾಡಾತಪಾ ನಿನಗ?" ಎಂದು ತಾಯಿ ಊಟದ ಹೊತ್ತಿನಲ್ಲಿ ಮೆಲ್ಲಗೆ ಕೇಳಬಹುದು. ಬೈದು ಕೇಳಿದರೆ ಅವನು ಮನೆಯಲ್ಲಿ ಉಣ್ಣುವುದನ್ನೇ ಬಿಡುತ್ತಾನೆ, ಪೊಟ್ಟಣ ಬಿಡುವುದಿಲ್ಲ.

ಆಯಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಗಲ್ಲ ಊದಿದ ದಿನ ಅವರನ್ನು ನೋಡಿದ್ದು ಇನ್ನೂ ಕಲಿಯುತ್ತಿದ್ದ ಒಬ್ಬ ಹುಡುಗಿ. ಆಯಿ ಸೆರಗು ತೆಗೆಯಲೊಲ್ಲರು. ಆಕೆ ಒತ್ತಾಯ ಮಾಡದೆ ಪಕ್ಕದಲ್ಲಿ ಕುಳಿತು, "ಆಯಿ, ನಮ್ಮ ಅಮ್ಮನೂ ಮಿಶ್ರಿ ಹಚ್ತಿದ್ಲರಿ. ನಾ ಏನೂ ಅನ್ನಂಗಿಲ್ಲ. ಬರೇ ನೋಡ್ತೇನಿ" ಎಂದಳಂತೆ. ಆಯಿ ಬಾಯಿ ತೆರೆದರು. ಮೊದಲು ಬಾವು ಇಳಿಸಿ, ಸಕ್ಕರೆ ಕಾಯಿಲೆ ಪರೀಕ್ಷಿಸಿದರು, ಇತ್ತು. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ, ಸಕ್ಕರೆ ಏರಿದರೆ ವಸಡು ಉಳಿಯುವುದು ಕಷ್ಟ, ಎರಡೂ ಒಂದಕ್ಕೊಂದು ಆತುಕೊಂಡಿರುತ್ತವೆ. ಹಲ್ಲು ಒಂದೊಂದಾಗಿ ತೆಗೆದು, ವಸಡು ಮಾಗಿದ ಮೇಲೆ ಸೆಟ್ ಕಟ್ಟಿಕೊಟ್ಟರು. ಮಿಶ್ರಿ ಬಿಡಲು ಮೂರು ತಿಂಗಳು ಹಿಡಿಯಿತು, ನಡುವೆ ಎರಡು ಸಲ ತಪ್ಪಿದರು. ಆ ಹುಡುಗಿ ಎರಡು ಸಲವೂ ಏನೂ ಅನ್ನಲಿಲ್ಲ ಎಂಬುದನ್ನು ಆಯಿ ನನಗೆ ವಿಶೇಷವಾಗಿ ಹೇಳಿದರು.

ಈಗ ರಾತ್ರಿ ಊಟವಾದ ಮೇಲೆ ಆ ಮನೆಯಲ್ಲಿ ಒಂದು ಕ್ರಮ ನಡೆಯುತ್ತದೆ. ನಾಲ್ಕು ವರ್ಷದ ಮೊಮ್ಮಗನನ್ನು ಆಯಿ ತೊಡೆಯ ಮೇಲೆ ಮಲಗಿಸಿಕೊಂಡು, ಬಟಾಣಿ ಕಾಳಿನಷ್ಟು ಪೇಸ್ಟ್ ಹಚ್ಚಿ ಹಲ್ಲು ತಿಕ್ಕುತ್ತಾರೆ. ಜಾಹೀರಾತಿನಲ್ಲಿ ಬ್ರಷ್ಷಿನ ತುಂಬ ಹಾಕುತ್ತಾರಲ್ಲ ಎಂದು ಸೊಸೆ ಕೇಳಿದ್ದಕ್ಕೆ, "ಅವ್ರಿಗೆ ಪೇಸ್ಟ್ ಖರ್ಚಾಗ್ಬೇಕು, ನಮಗ ಹಲ್ಲು ಉಳೀಬೇಕು" ಎಂದರಂತೆ. ಆಮೇಲೆ ಮೊಬೈಲಿನ ದೀಪ ಹಚ್ಚಿ, ಅವನ ಮೇಲ್ದುಟಿ ಎತ್ತಿ, ಬಿಳಿ ಕಲೆ ಇದೆಯೇ ಎಂದು ನೋಡುತ್ತಾರೆ. ಮೊನ್ನೆ ನಾನು ಅಲ್ಲೇ ಇದ್ದೆ. ಪರೀಕ್ಷೆ ಮುಗಿದ ಕೂಡಲೇ ಹುಡುಗ ಎದ್ದು ಕುಳಿತು ಮೊಬೈಲು ಕಸಿದುಕೊಂಡ. "ಈಗ ನಿನ್ನ ಪಾಳಿ ಆಯಿ, ಆ ಅನ್ನು" ಎಂದ. ಆಯಿ ಸೆಟ್ ತೆಗೆದು ನೀರಿನ ಬಟ್ಟಲಿಗೆ ಹಾಕಿ, ನಾನು ಕುಳಿತಿರುವುದನ್ನು ಮರೆತವರಂತೆ, ಬೊಚ್ಚುಬಾಯಿಯನ್ನು ಅಗಲವಾಗಿ ತೆರೆದರು. ಸೆರಗು ಹೆಗಲ ಮೇಲೆಯೇ ಇತ್ತು.