ಗಾಜಿನ ತೊಟ್ಟಿಯ ಹಸುರು: ಒಂದು ಅಹಿಂಸಾ ವಿಚಾರ

ಶ್ರಾವಕಾಚಾರದ ಪ್ರಸ್ತಾಪ ಬಂದಾಗ ನಾವು ಸಾಮಾನ್ಯವಾಗಿ ಆಹಾರಶುದ್ಧಿ, ವ್ಯಾಪಾರಶುದ್ಧಿ, ದಾನ, ಪೂಜೆ ಮೊದಲಾದವುಗಳನ್ನು ಕುರಿತೇ ವಿಚಾರ ಮಾಡುತ್ತೇವೆ. ಪಡಸಾಲೆಯ ಮೂಲೆಯಲ್ಲಿ ಅಲಂಕಾರಕ್ಕೆಂದು ಇರಿಸಿದ ಗಾಜಿನ ಮೀನುತೊಟ್ಟಿಯೂ ಧರ್ಮವಿಚಾರಕ್ಕೆ ವಿಷಯವಾದೀತೆಂದು ಬಹಳ ಜನರಿಗೆ ತೋರುವುದಿಲ್ಲ. ಆದರೆ ಪಂಚೇಂದ್ರಿಯ ಜೀವವಾದ ಮೀನು, ಏಕೇಂದ್ರಿಯ ಜೀವವಾದ ಸಸ್ಯ, ಅಪ್ಕಾಯವಾದ ನೀರು, ಎಲೆಯ ಮರೆಯಲ್ಲಿ ಬಂದು ಸೇರುವ ದ್ವೀಂದ್ರಿಯದ ಬಸವನಹುಳು, ಇವೆಲ್ಲವೂ ಒಂದೇ ಕಡೆ ನೆಲೆಸಿ, ತಮ್ಮ ಜೀವನಕ್ಕೆ ನಮ್ಮ ಕೈಯನ್ನೇ ಅವಲಂಬಿಸಿರುವ ಬೇರೊಂದು ಸ್ಥಳ ನಮ್ಮ ಮನೆಗಳಲ್ಲಿ ಇರಲಾರದು. ಈ ತೊಟ್ಟಿಯಲ್ಲಿ ಸಜೀವ ಸಸ್ಯಗಳನ್ನು ನೆಡಬಹುದೇ? ನೆಟ್ಟರೆ ಎಂತಹವನ್ನು? ಅವನ್ನು ಬೆಳೆಸುವಾಗ ಅನಿವಾರ್ಯವಾಗಿ ನಡೆಯುವ ಛೇದನಕ್ಕೆ ಸಮಾಧಾನವೇನು? ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ವಿಚಾರಿಸಲು ಯತ್ನಿಸಲಾಗಿದೆ.

ಮೊದಲು ಮೂಲಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವುಗಳಲ್ಲಿ ಮೊದಲನೆಯದಾದ ಬಂಧವೆಂದರೆ ಪ್ರಾಣಿಯನ್ನು ಅದು ಬಯಸಿದೆಡೆಗೆ ಹೋಗಗೊಡದೆ ತಡೆಯುವುದು. ಮೀನನ್ನು ಗಾಜಿನ ನಾಲ್ಕು ಗೋಡೆಗಳ ನಡುವೆ ಇರಿಸುವುದು ಬಂಧವಲ್ಲವೆಂದು ಯಾವ ಯುಕ್ತಿಯಿಂದಲೂ ಸಾಧಿಸಲಾಗದು. ಹಸುವನ್ನು ಕಟ್ಟುವ ಗೃಹಸ್ಥನು ಕೃಷಿಯ ಅಗತ್ಯವನ್ನಾದರೂ ಮುಂದಿಡಬಹುದು. ನೇತ್ರಾನಂದಕ್ಕಾಗಿ ಮೀನನ್ನು ಬಂಧಿಸುವವನಿಗೆ ಆ ಸಮಾಧಾನವೂ ಇಲ್ಲ. ಆದುದರಿಂದ ತೊಟ್ಟಿ ಇಲ್ಲದ ಮನೆಗೆ ಅದನ್ನು ಹೊಸದಾಗಿ ತರದಿರುವುದೇ ಶ್ರೇಷ್ಠ ಮಾರ್ಗವೆಂಬುದರಲ್ಲಿ ಸಂದೇಹವಿಲ್ಲ. ಕೊಳ್ಳುವವನಿರುವುದರಿಂದಲೇ ಹಿಡಿಯುವವನೂ ಸಾಗಿಸುವವನೂ ಇರುತ್ತಾರೆ. ಕೃತ, ಕಾರಿತ, ಅನುಮೋದನೆಗಳ ಮೂರು ದಾರಿಗಳಲ್ಲಿಯೂ ಕರ್ಮವು ಬರುತ್ತದೆಂಬುದನ್ನು ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಕಲಿತಿರುತ್ತಾರೆ.

ಆದರೆ ಈ ಉತ್ತರದಿಂದ ಪ್ರಶ್ನೆ ಮುಗಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ತೊಟ್ಟಿ ಈಗಾಗಲೇ ಇದೆ. ಗೃಹಪ್ರವೇಶಕ್ಕೆ ಬಂದ ಉಡುಗೊರೆಯಾಗಿಯೋ, ಮಗುವಿನ ಹಟಕ್ಕೆ ಮಣಿದು ತಂದದ್ದಾಗಿಯೋ ಅದು ಮನೆ ಸೇರಿದೆ. ಅಂತಹ ಮನೆಯ ಹಿರಿಯರು, "ಪಾಪದ ಕೆಲಸ, ಮೀನುಗಳನ್ನು ಕೆರೆಗೆ ಬಿಟ್ಟು ಬಾ" ಎಂದು ಹೇಳುವುದುಂಟು. ಮಾತಿನ ಹಿಂದಿರುವ ದಯೆ ದೊಡ್ಡದು. ಫಲ ಮಾತ್ರ ವಿಪರೀತ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಮೀನು ಕೆರೆಯಲ್ಲಿ ಬಹುಶಃ ಬೇಗನೆ ಸಾಯುತ್ತದೆ. ಸಾಯದೆ ಉಳಿದರೆ ಅಲ್ಲಿಯ ಮೂಲ ಜೀವಿಗಳಿಗೆ ಕಂಟಕವಾಗುತ್ತದೆ. ತೊಟ್ಟಿಯ ಗಾಜನ್ನು ಶುಚಿಮಾಡುತ್ತದೆಂದು ಮಾರುವ, ದಕ್ಷಿಣ ಅಮೆರಿಕ ಮೂಲದ, ಬಾಯಿಂದ ಅಂಟಿಕೊಳ್ಳುವ ಮೀನು ಇಂದು ಭಾರತದ ಹಲವು ನದಿ ಕೆರೆಗಳಲ್ಲಿ ನೆಲೆಯೂರಿ, ಬೆಸ್ತರ ಬಲೆಗಳಿಗೂ ದೇಶೀಯ ಮೀನುಗಳಿಗೂ ಪೀಡೆಯಾಗಿದೆ. ಹೀಗಿರುವಾಗ ಮನೆಗೆ ಬಂದ ಮೀನು ನಮ್ಮ ಆಶ್ರಿತ ಜೀವ. ಅದರ ಆಯುಷ್ಯವು ಮುಗಿಯುವತನಕ ಅದನ್ನು ಯತ್ನಾಚಾರದಿಂದ ಪೋಷಿಸಿ, ಮತ್ತೆ ಹೊಸದನ್ನು ತರದಿರುವುದೇ ಉಳಿದಿರುವ ಮಾರ್ಗ. ಸಜೀವ ಸಸ್ಯಗಳ ವಿಚಾರವು ಬರುವುದು ಇಲ್ಲಿಯೇ.

ನೀರಿನೊಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ತಿಳಿಯಬೇಕು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಹೊಳೆಯಲ್ಲಿ ಅದು ಹರಿದು ಹೋಗುತ್ತದೆ. ತೊಟ್ಟಿಯಲ್ಲಿ ಅಲ್ಲಿಯೇ ನಿಂತು ಮೀನಿನ ಕಿವಿರುಗಳನ್ನೇ ಸುಡುತ್ತದೆ. ಕೆಲವು ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಸಜೀವ ಸಸ್ಯವು ಅಮೋನಿಯವನ್ನೂ ನೈಟ್ರೇಟನ್ನೂ ತನ್ನ ಆಹಾರವಾಗಿ ಹೀರಿಕೊಂಡು, ಬೆಳಕಿನಲ್ಲಿ ಆಮ್ಲಜನಕವನ್ನು ನೀರಿಗೆ ಕೊಡುತ್ತದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಒಂದು ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಇರಿಸಿ, ಈ ಪರಸ್ಪರ ಉಪಕಾರವನ್ನು 1850ರಲ್ಲಿ ವರದಿ ಮಾಡಿದರು. ಕೊಳೆತ ಎಲೆಗಳಿಂದ ನೀರು ಕೆಟ್ಟಾಗ ಅವರು ಅದಕ್ಕೆ ಬಸವನಹುಳುಗಳನ್ನು ಸೇರಿಸಿದರು. ಅವು ಕೊಳೆತದ್ದನ್ನು ತಿಂದು ನೀರು ತಿಳಿಯಾಯಿತು. ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆಯೆಂಬ ತತ್ತ್ವವನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

"ಹಾಗಾದರೆ ಪ್ಲಾಸ್ಟಿಕ್ ಗಿಡಗಳನ್ನು ಇಡಬಾರದೇಕೆ? ಅದರಲ್ಲಿ ಜೀವವಿಲ್ಲ, ಆದ್ದರಿಂದ ಹಿಂಸೆಯೂ ಇಲ್ಲ" ಎಂದು ಕೇಳಬಹುದು. ಪ್ರಶ್ನೆ ಸಾಧುವಾದುದು. ಪ್ಲಾಸ್ಟಿಕ್ ಗಿಡವು ನೋಡುವವನ ಕಣ್ಣಿಗೆ ಹಸುರು, ಮೀನಿಗೆ ಅಡಗಲು ಒಂದಿಷ್ಟು ಮರೆ. ಅದರಾಚೆಗೆ ಅದು ನೀರನ್ನು ಶುದ್ಧಗೊಳಿಸಲಾರದು. ಶಾಸ್ತ್ರದಲ್ಲಿ ಹೇಳಿದ ಅನ್ನಪಾನನಿರೋಧವನ್ನು ಮೀನಿಗೆ ಅನ್ವಯಿಸಿ ನೋಡಿರಿ. ಹಸುವಿಗೆ ನೀರು ಕುಡಿಯುವ ಪದಾರ್ಥ. ಮೀನಿಗೆ ಅದು ಉಸಿರು, ನೆಲ, ಮನೆ. ಕೆಟ್ಟ ನೀರಿನಲ್ಲಿ ಮೀನನ್ನು ಇರಿಸುವುದು ಅದರ ಪಾನವನ್ನೂ ಶ್ವಾಸವನ್ನೂ ಒಟ್ಟಿಗೆ ತಡೆದಂತೆ. ತೊಟ್ಟಿಯ ಅಳತೆಗೆ ಮೀರಿ ಮೀನುಗಳನ್ನು ತುಂಬುವುದು ಅತಿಭಾರಾರೋಪಣಕ್ಕೆ ಸಮಾನ. ಅರವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಅಗಲ, ಮೂವತ್ತು ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು 54 ಲೀಟರ್ ನೀರು ಮಾತ್ರ. ದೊಡ್ಡದಾಗಿ ಬೆಳೆಯುವ ಹೊಂಬಣ್ಣದ ಮೀನುಗಳಿಗೆ ಅದು ಸಾಲದು. ಸಸ್ಯವನ್ನು ನೆಡುವುದರಿಂದ ಈ ಅತಿಚಾರಗಳು ಸಂಪೂರ್ಣ ನಿವಾರಣೆಯಾಗವು, ಕಡಿಮೆಯಾಗುತ್ತವೆ. ಪಂಚೇಂದ್ರಿಯ ಜೀವದ ನಿತ್ಯವೇದನೆಯನ್ನು ತಗ್ಗಿಸುವುದಕ್ಕಾಗಿ ಏಕೇಂದ್ರಿಯ ಜೀವದ ಅಲ್ಪಬಾಧೆಯನ್ನು ಗೃಹಸ್ಥನು ಒಪ್ಪಿಕೊಳ್ಳುವುದು ಆರಂಭೀ ಹಿಂಸೆಯ ಮಿತಿಯೊಳಗಿನ ಮಾತು.

ಆದರೆ ಇದನ್ನೇ ನೆಪವಾಗಿಸಿಕೊಂಡು ಮನಬಂದಂತೆ ಗಿಡ ತಂದು ನೆಡಲು ಅನುಮತಿ ದೊರೆಯಿತೆಂದು ಭಾವಿಸಲಾಗದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಯೋಗ್ಯವಾದ ಅಗತ್ಯಕ್ಕಾಗಿ ಸ್ವಲ್ಪ ಏಕೇಂದ್ರಿಯ ಘಾತವನ್ನು ಮಾಡಬೇಕಾದ ಗೃಹಸ್ಥರೂ ಅದರಾಚೆಗಿನ ಸ್ಥಾವರ ಹಿಂಸೆಯನ್ನು ಬಿಡಬೇಕೆಂದು ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ, ನೀರು, ಬೆಂಕಿ, ಗಾಳಿಗಳನ್ನು ಬಾಧಿಸುವುದನ್ನೂ ಸಸ್ಯವನ್ನು ಕತ್ತರಿಸುವುದನ್ನೂ ಪ್ರಮಾದಚರ್ಯೆಯೆಂದು ಎಣಿಸಿ, ಅನರ್ಥದಂಡದೊಳಗೆ ಸೇರಿಸಿದ್ದಾರೆ. ಈ ಎರಡು ಮಾತುಗಳನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಸಸ್ಯವನ್ನು ಆರಿಸುವ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲ ವಿಚಾರ ಛೇದನದ್ದು. ಹೈಡ್ರಿಲ್ಲಾ, ಸೆರಾಟೋಫಿಲ್ಲಮ್ ಮೊದಲಾದ ಗಿಡಗಳು ಬಹು ವೇಗವಾಗಿ ಬೆಳೆಯುತ್ತವೆ. ಆದುದರಿಂದಲೇ ಅಮೋನಿಯವನ್ನು ಹೆಚ್ಚಾಗಿ ಹೀರುತ್ತವೆ. ಆದರೆ ಅವನ್ನು ಮೇಲಿಂದ ಮೇಲೆ ಕತ್ತರಿಸದಿದ್ದರೆ ನೀರಿನ ಮೇಲ್ಭಾಗವನ್ನೆಲ್ಲ ಮುಚ್ಚಿಬಿಡುತ್ತವೆ. ಮೀನಿಗೆ ಹೆಚ್ಚು ಉಪಕಾರಿಯಾದ ಗಿಡಕ್ಕೇ ಹೆಚ್ಚು ಕತ್ತರಿ ಬೀಳುತ್ತದೆ! ಕತ್ತರಿಸಿದ ತುಂಡು ಮತ್ತೆ ಬೇರುಬಿಟ್ಟು ಬೆಳೆಯುವುದರಿಂದ ಹಿಂಸೆಯಿಲ್ಲವೆಂದು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಅನಂತ ಜೀವಗಳಿಗೆ ಆಶ್ರಯವಾದ ಸಸ್ಯಗಳ ಚಿಹ್ನೆಗಳನ್ನು ಹೇಳುವಾಗ, ಕತ್ತರಿಸಿದ ಮೇಲೂ ಬೆಳೆಯುವುದನ್ನು ಅವುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಅಂದರೆ ತುಂಡಿನಿಂದ ಚಿಗುರುವ ಗಿಡದ ವಿಷಯದಲ್ಲಿ ನಮ್ಮ ಎಚ್ಚರ ಹೆಚ್ಚಬೇಕು. ಇದಕ್ಕೆ ಪ್ರತಿಯಾಗಿ ಆಫ್ರಿಕ ಮೂಲದ ಅನುಬಿಯಾಸ್, ಆಗ್ನೇಯ ಏಷ್ಯದ ಜಾವಾ ಫರ್ನ್ ಎಂಬ ಜರೀಗಿಡ, ಕ್ರಿಪ್ಟೊಕೊರೈನ್ ಜಾತಿಯ ಗಿಡಗಳು ನಿಧಾನವಾಗಿ ಬೆಳೆಯುತ್ತವೆ, ಮಂದ ಬೆಳಕಿನಲ್ಲಿಯೂ ಬದುಕುತ್ತವೆ, ಕತ್ತರಿಯನ್ನು ಬಯಸುವುದು ಅಪರೂಪ. ಮೀನುಗಳ ಸಂಖ್ಯೆ ಮಿತವಾಗಿದ್ದರೆ ಇಂತಹ ಗಿಡಗಳು, ನಿಯಮಿತವಾಗಿ ಸ್ವಲ್ಪ ಸ್ವಲ್ಪ ನೀರನ್ನು ಬದಲಿಸುವುದರೊಂದಿಗೆ, ಸಾಕು. ನಿಧಾನದ ಗಿಡವನ್ನು ಆರಿಸುವ ಸೌಕರ್ಯ ಮೀನುಗಳನ್ನು ಮಿತಗೊಳಿಸಿದವನಿಗೆ ಮಾತ್ರ ಉಂಟು. ಅಪರಿಗ್ರಹವು ಅಹಿಂಸೆಗೆ ದಾರಿ ಮಾಡಿಕೊಡುವ ಬಗೆ ಇದು.

ಎರಡನೆಯ ವಿಚಾರ ಎಲೆಗಳೊಡನೆ ಬರುವ ತ್ರಸಜೀವಗಳದ್ದು. ಕೊಳಗಳಲ್ಲಿ ಬೆಳೆದ ಗಿಡದ ಎಲೆಗಳ ಅಡಿಯಲ್ಲಿ ಬಸವನಹುಳುವಿನ ಮೊಟ್ಟೆಗಳಿರುತ್ತವೆ. ಗಿಡ ನೆಡುವ ಮುನ್ನ ಅದನ್ನು ಔಷಧದ ದ್ರಾವಣದಲ್ಲಿ ಅದ್ದಿ ಅವನ್ನು ಕೊಲ್ಲುವುದು ಹವ್ಯಾಸಿಗಳಲ್ಲಿ ರೂಢಿ. ಇದು ಸ್ಥಾವರ ಹಿಂಸೆಯಲ್ಲ. ಬುದ್ಧಿಪೂರ್ವಕವಾದ ತ್ರಸಹಿಂಸೆ, ಅಣುವ್ರತಿಗೆ ಸರ್ವಥಾ ವರ್ಜ್ಯ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿ, ಮುಚ್ಚಿದ ಬಟ್ಟಲುಗಳಲ್ಲಿ ಮಾರುವ ಸಸಿಗಳು ಈಗ ದೊರೆಯುತ್ತವೆ. ಅವುಗಳಲ್ಲಿ ಹುಳುಗಳಾಗಲಿ ಮೊಟ್ಟೆಗಳಾಗಲಿ ಇರುವುದಿಲ್ಲ. ಬೆಲೆ ತುಸು ಹೆಚ್ಚಾದರೂ ಅದನ್ನು ಕೊಡುವುದು ವಿವೇಕ. ಇದಾಗಿಯೂ ಹುಳುವೊಂದು ಬಂದರೆ ಅದೂ ಆಶ್ರಿತನೆಂದೇ ತಿಳಿಯಬೇಕು. ಮೀನಿಗೆ ಹಾಕುವ ಆಹಾರ ಹೆಚ್ಚಾಗಿ ತಳದಲ್ಲಿ ಉಳಿದಾಗಲೇ ಅವುಗಳ ಸಂತತಿ ಮಿತಿಮೀರುವುದು. ಆದುದರಿಂದ ಮದ್ದು ನಮ್ಮ ಕೈಯ ಮಿತಿಯಲ್ಲಿದೆ, ವಿಷದಲ್ಲಿಲ್ಲ.

ಮೂರನೆಯದು ಪಾಚಿಯ ವಿಚಾರ. ಶೈವಾಲವನ್ನು ಅನಂತಕಾಯವೆಂದು ಪರಿಗಣಿಸಿ ಅದನ್ನು ತುಳಿಯದಂತೆ ನಡೆಯುವ ಮುನಿಗಳನ್ನು ನಾವು ಕಂಡಿದ್ದೇವೆ. ತೊಟ್ಟಿಯನ್ನು ಬಿಸಿಲಿಗೆ ಇಟ್ಟು, ದೀಪವನ್ನು ರಾತ್ರಿಯವರೆಗೂ ಉರಿಸಿ, ಆಹಾರವನ್ನು ಸುರಿದು, ಬೆಳೆದ ಪಾಚಿಯನ್ನು ವಾರವಾರವೂ ಉಜ್ಜಿ ತೆಗೆಯುವುದು ಎಂತಹ ಶುಚಿತ್ವ? ಹುಟ್ಟಿಸುವವರೂ ನಾವೇ, ಕೊಲ್ಲುವವರೂ ನಾವೇ. ದಿನಕ್ಕೆ ಆರರಿಂದ ಎಂಟು ಗಂಟೆಗಳ ಬೆಳಕು ಇಂತಹ ಸಸ್ಯಗಳಿಗೆ ಸಾಕಾಗುತ್ತದೆ. ರಾತ್ರಿ ಸಸ್ಯಗಳೂ ಆಮ್ಲಜನಕವನ್ನೇ ಬಳಸುವುದರಿಂದ ಗಿಡಗಳನ್ನು ಒತ್ತೊತ್ತಾಗಿ ತುಂಬುವುದೂ ಮೀನಿಗೆ ಹಿತವಲ್ಲ. ಹೆಚ್ಚಿನ ಗಿಡಗಳು ಮಾರಾಟಕ್ಕೆ ಮುನ್ನ ನೀರಿನ ಹೊರಗೆ ಬೆಳೆದಿರುತ್ತವೆ; ಮುಳುಗಿಸಿದಾಗ ಹಳೆಯ ಎಲೆ ಕೊಳೆತು ಹೊಸ ಎಲೆ ಬರುತ್ತದೆ. ಆಗ ಗಿಡ ಸತ್ತಿತೆಂದು ಕಿತ್ತೆಸೆಯದೆ, ಕೊಳೆತ ಎಲೆಯನ್ನಷ್ಟೇ ತೆಗೆದು ಕಾಯುವ ತಾಳ್ಮೆ ಬೇಕು. ಅನುಬಿಯಾಸ್ ಮತ್ತು ಜಾವಾ ಫರ್ನ್‌ಗಳ ದಪ್ಪ ಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ಕಟ್ಟಬೇಕು. ಇವು ಸಣ್ಣ ಸಂಗತಿಗಳಂತೆ ಕಾಣುತ್ತವೆ. ಆದರೆ ಅರಿಯದೆ ನೆಟ್ಟು ಸಾಯಿಸಿ, ಮತ್ತೆ ತಂದು ನೆಡುವುದು ಪ್ರಮಾದವಲ್ಲದೆ ಬೇರೇನು? ಜ್ಞಾನವಿಲ್ಲದ ದಯೆ ಎಷ್ಟು ದೂರ ನಡೆದೀತು?

ನಾಲ್ಕನೆಯ ವಿಚಾರ, ಹೆಚ್ಚಾದ ಗಿಡವನ್ನು ಏನು ಮಾಡುವುದೆಂಬುದು. ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರು ಬಂದ ಬಾವಿಗೇ ಮೆಲ್ಲನೆ ತಲುಪಿಸಬೇಕೆಂಬುದು ನಮ್ಮ ಹಿರಿಯರ ನಿಯಮ. ಬೇರೆ ಬಾವಿಗೆ ಸುರಿಯುವುದು ನಿಷಿದ್ಧ. ಒಂದು ನೀರಿನ ಜೀವಕ್ಕೆ ಇನ್ನೊಂದು ನೀರು ಘಾತಕವೆಂಬ ಸೂಕ್ಷ್ಮಜ್ಞಾನ ಅದರಲ್ಲಿದೆ. ಇಂದು ಜೀವಶಾಸ್ತ್ರಜ್ಞರು ಹೇಳುತ್ತಿರುವುದೂ ಅದನ್ನೇ. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ 2020ರಲ್ಲಿ ನಾಲೆಯೊಂದು ನಸುಗೆಂಪು ಹೂಗಳಿಂದ ತುಂಬಿ, ಜನ ಗುಂಪುಗಟ್ಟಿ ನೋಡಲು ಬಂದರು. ಆ ಹೂವು ದಕ್ಷಿಣ ಅಮೆರಿಕದ ಕಬೊಂಬ ಎಂಬ ಸಸ್ಯದ್ದು. ಮೀನುತೊಟ್ಟಿಗಳ ಅಲಂಕಾರಕ್ಕೆ ಬಳಸುವಂತಹುದು. ಅದು ದಟ್ಟವಾಗಿ ಹಬ್ಬಿದ ನೀರಿನಲ್ಲಿ ಸ್ಥಳೀಯ ಸಸ್ಯಗಳಿಗೆ ಬೆಳಕೂ ಎಡೆಯೂ ಸಿಗುವುದಿಲ್ಲ. ಆದುದರಿಂದ ಕತ್ತರಿಸಿದ ತುಂಡನ್ನು ಕೆರೆಗಾಗಲಿ ಚರಂಡಿಗಾಗಲಿ ಬಿಡಬಾರದು. ಮತ್ತೊಬ್ಬರ ತೊಟ್ಟಿಗೆ ಕೊಡಬಹುದು. ಉಳಿದುದನ್ನು ಹಿತ್ತಿಲ ಗಿಡದ ಬುಡದಲ್ಲಿ ಮಣ್ಣಾಗಲು ಬಿಡಬಹುದು. ಹಾಗೆಯೇ ಪಶ್ಚಿಮಘಟ್ಟದ ತೊರೆಗಳಲ್ಲಿ ಸಹಜವಾಗಿ ಬೆಳೆದ ಕ್ರಿಪ್ಟೊಕೊರೈನ್ ಗಿಡಗಳನ್ನು ಕಿತ್ತು ತರುವುದೂ ತರವಲ್ಲ. ಅದು ದತ್ತವಲ್ಲದ್ದನ್ನು ತೆಗೆದುಕೊಂಡಂತೆ.

ಬಸದಿಗಳ ಆಡಳಿತ ನೋಡಿಕೊಳ್ಳುವ ಟ್ರಸ್ಟಿನ ಮಹನೀಯರಲ್ಲಿಯೂ ಒಂದು ನಿವೇದನೆ. ಯಾತ್ರಿನಿವಾಸದ ಮೊಗಸಾಲೆಗೆ ದಾನಿಗಳು ಮೀನುತೊಟ್ಟಿಯನ್ನು ಕೊಡಲು ಮುಂದೆ ಬಂದರೆ ವಿನಯದಿಂದ ಬೇಡವೆನ್ನುವುದು ಲೇಸು. ಕಾರ್ಕಳ ಸೀಮೆಯ ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗುವವರು ನೀರಿನ ಹಸುರನ್ನೂ ಮೀನನ್ನೂ ಕಾಣುತ್ತಾರೆ. ಪಾವಾಪುರಿಯ ಜಲಮಂದಿರದ ಸುತ್ತ ತಾವರೆಗಳನ್ನು ಕಾಣುತ್ತಾರೆ. ಅಲ್ಲಿ ಯಾರೂ ಯಾರನ್ನೂ ಬಂಧಿಸಿಲ್ಲ. ತೊಟ್ಟಿಗೆ ವ್ಯಯವಾಗುವ ದ್ರವ್ಯವು ಬಸದಿಯ ಕಲ್ಯಾಣಿಗೆ ಕೊಳಚೆ ಸೇರದಂತೆ ತಡೆಯುವುದಕ್ಕೆ ಸಂದರೆ ಎಷ್ಟು ಜೀವಗಳಿಗೆ ಅಭಯವಾದೀತು!

ನಮ್ಮ ಕಥಾಸಾಹಿತ್ಯದಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಪ್ರಸಿದ್ಧವಾಗಿದೆ. ಅವನು ಮುನಿಗಳಿಂದ ಪಡೆದ ವ್ರತ ಬಹು ಚಿಕ್ಕದು: ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದೆ ಬಿಡುವುದು. ಮತ್ತೆ ಮತ್ತೆ ಅದೇ ಮೀನು ಬಲೆಗೆ ಬಂದಾಗ ಅವನು ಪ್ರತಿಸಲವೂ ಅದನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಹೋದನು. ವ್ರತದ ಹಿರಿಮೆ ಅದರ ಗಾತ್ರದಲ್ಲಿಲ್ಲ, ಪಾಲನೆಯಲ್ಲಿದೆ. ಮನೆಯಲ್ಲಿ ತೊಟ್ಟಿಯುಳ್ಳ ಶ್ರಾವಕ ಶ್ರಾವಿಕೆಯರು ಇಷ್ಟನ್ನು ನಿಯಮವಾಗಿ ಹಿಡಿಯಬಹುದು: ಹೊಸ ಮೀನನ್ನು ಕೊಳ್ಳುವುದಿಲ್ಲ; ಇರುವ ಮೀನಿನ ಹಿತಕ್ಕೆ ಬೇಕಾದಷ್ಟೇ ಗಿಡ, ಕಣ್ಣಿನ ತೃಪ್ತಿಗಾಗಿ ಒಂದೂ ಅಲ್ಲ; ಅಗತ್ಯವಿಲ್ಲದೆ ಕತ್ತರಿ ಇಲ್ಲ; ತೊಟ್ಟಿಯ ಯಾವ ಜೀವವನ್ನೂ ಬೇರೆ ನೀರಿಗೆ ಬಿಡುವುದಿಲ್ಲ. ಕೊನೆಯ ಮೀನಿನ ಆಯುಷ್ಯ ತೀರಿದ ದಿನ ಆ ತೊಟ್ಟಿಯನ್ನು ಒಣಗಿಸಿ ಪುಸ್ತಕಗಳನ್ನಿಡಲು ಬಳಸಬಹುದು. ಅಲ್ಲಿಯವರೆಗೆ ದಿನಕ್ಕೊಮ್ಮೆ ಅದರ ಮುಂದೆ ನಿಂತು, ಇವು ನನಗಾಗಿ ಇಲ್ಲಿ ಇಲ್ಲ, ಇವುಗಳಿಗಾಗಿ ನಾನು ಇಲ್ಲಿದ್ದೇನೆ ಎಂದು ಮಕ್ಕಳಿಗೆ ತಿಳಿಸಿ ಹೇಳಬೇಕಾಗಿ ಧರ್ಮಬಂಧುಗಳಲ್ಲಿ ವಿನಂತಿ.