ಕಣ್ಣೀರು ಒರೆಸಿದರೆ ಲೆಕ್ಕ ಚುಕ್ತಾನಾ?

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬೆಳಿಗ್ಗೆ ಏಳಕ್ಕೆ ನಿಂತು ನೋಡಿ, ಒಂದಾದರೂ ಶಿಟ್ಜು ಸಿಕ್ಕೇ ಸಿಗುತ್ತೆ. ಬಿಳಿ ಕೂದಲು, ಗುಂಡು ಮುಖ, ಕಣ್ಣಿನ ಮೂಲೆಯಿಂದ ಮೂಗಿನ ಪಕ್ಕದವರೆಗೆ ತುಕ್ಕು ಬಣ್ಣದ ಎರಡು ಗೆರೆ. "ಅಯ್ಯೋ, ಅಳ್ತಿದೆಯಾ ಪಾಪ?" ಅಂತ ಯಾರೋ ಕೇಳ್ತಾರೆ. "ಇಲ್ಲ, ಈ ಬ್ರೀಡಿಗೆ ಅದು ನಾರ್ಮಲ್" ಅನ್ನೋ ಉತ್ತರ ಬರುತ್ತೆ. ಅಷ್ಟರಲ್ಲಿ ಗ್ರೌಂಡ್ ಫ್ಲೋರ್. ನನ್ನ ತಲೆ ಕೊರೆಯೋದು ಆ 'ನಾರ್ಮಲ್' ಅನ್ನೋ ಪದ.

ರೆಪ್ಪೆಯ ಒಳಮೂಲೆಯಲ್ಲಿ ಎರಡು ಪುಟ್ಟ ರಂಧ್ರಗಳಿರುತ್ತವೆ. ಕಣ್ಣೀರು ಅಲ್ಲಿಂದ ಸಣ್ಣ ನಾಳದಲ್ಲಿ ಮೂಗಿಗೆ ಇಳಿಯಬೇಕು. ನಾವು ಅತ್ತಾಗ ಮೂಗೂ ಸೋರುವುದು ಇದಕ್ಕೇ. ಉದ್ದ ಮೂತಿಯ ಬೀದಿನಾಯಿಯಲ್ಲಿ ಈ ಪೈಪಿಗೆ ಬೇಕಾದಷ್ಟು ಜಾಗವಿದೆ. ತಲೆಮಾರುಗಟ್ಟಲೆ ಆರಿಸಿ ಆರಿಸಿ ಮೂತಿ ಚಪ್ಪಟೆ ಮಾಡಿದ ತಳಿಗಳಲ್ಲಿ ಅದು ಅಡ್ಡಾದಿಡ್ಡಿ ಬಾಗುತ್ತೆ, ಕಣ್ಣಿನ ಗುಳಿಗೆ ಆಳವಿಲ್ಲದೆ ಗುಡ್ಡೆ ಮುಂದಕ್ಕೆ ಬರುತ್ತೆ, ಮೂಗಿನ ಮೇಲಿನ ಕೂದಲು ಕಣ್ಣಿಗೆ ತಾಗಿ ದೀಪದ ಬತ್ತಿಯ ಹಾಗೆ ನೀರನ್ನು ಹೊರಗೆಳೆಯುತ್ತೆ. ಕಣ್ಣೀರಿನಲ್ಲಿರುವ ಪಾರ್ಫಿರಿನ್ ಅನ್ನುವ ವಸ್ತು ಬಿಳಿ ಕೂದಲಿಗೆ ಕೆಂಗಂದು ಬಣ್ಣ ಹಿಡಿಸುತ್ತೆ. ಅಂದರೆ ನಾಯಿ ಅಳುತ್ತಿಲ್ಲ. ಚರಂಡಿಗೆ ಜಾಗ ಬಿಡದೆ ಲೇಔಟ್ ಕಟ್ಟಿದ್ದಾರೆ, ಅಷ್ಟೆ. ಅದರ ಪರಿಣಾಮವನ್ನ ಬೆಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಎಲ್ಲವನ್ನೂ ತಳಿಯ ತಲೆಗೆ ಕಟ್ಟಿ ಕೂರೋದೂ ತಪ್ಪು. ಅಲರ್ಜಿ ಇರಬಹುದು, ಒಳಮುಖವಾಗಿ ಮಡಚಿದ ರೆಪ್ಪೆ ಇರಬಹುದು, ಗುಡ್ಡೆಗೆ ಉಜ್ಜುವ ಒಂದೇ ಒಂದು ಕೂದಲಿರಬಹುದು. ನನ್ನ ತಂಗಿ ಮನೆಯ ಬರ್ಫಿಗೆ (ಐದೂವರೆ ಕೆಜಿ, ಅದರಲ್ಲಿ ಅರ್ಧ ಬರೀ ಹಠ) ಡಾಕ್ಟರು ಕಣ್ಣಿಗೆ ಡೈ ಹಾಕಿ ನೋಡಿದರು. ಡೈ ಮೂಗಿನ ಹೊಳ್ಳೆಯಲ್ಲಿ ಕಾಣಿಸಿಕೊಂಡರೆ ದಾರಿ ತೆರೆದಿದೆ ಅಂತ. ಗುಡ್ಡೆಯ ಮೇಲೆ ಹುಣ್ಣಿದ್ದರೂ ಅದೇ ಡೈ ತೋರಿಸಿಕೊಡುತ್ತೆ. ಹುಣ್ಣಿರಲಿಲ್ಲ. ಈಗ ದಿನಕ್ಕೆರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸೋದು, ಆಮೇಲೆ ಒಣಗಿಸೋದು. ಒಣಗಿಸೋದೇ ಮುಖ್ಯ, ಒದ್ದೆ ಉಳಿದರೆ ಅಲ್ಲಿ ಫಂಗಸ್ ಸೇರಿಕೊಳ್ಳುತ್ತೆ. ಕಣ್ಣು ಕಿರಿದು ಮಾಡಿದರೆ, ಹಳದಿ-ಹಸಿರು ಪಿಸುರು ಬಂದರೆ, ಗುಡ್ಡೆ ಮಂಜು ಮಂಜಾದರೆ ಅವತ್ತೇ ಆಸ್ಪತ್ರೆ. ಫ್ರಿಜ್ಜಿನಲ್ಲಿ ಉಳಿದ ಹಳೇ ಸ್ಟೆರಾಯ್ಡ್ ಡ್ರಾಪ್ಸ್ ಮಾತ್ರ ಮುಟ್ಟಬೇಡಿ, ಹುಣ್ಣಿದ್ದರೆ ಕಣ್ಣಿಗೇ ಕುತ್ತು.

ಇಷ್ಟು ನಾಯಿಗಾಗಿ. ಕಲೆ ಹೋಗಿಸುವ ಪುಡಿಗಳದ್ದು ಬೇರೆ ಕಥೆ. ಅಂಥ ಕೆಲವು ಪುಡಿಗಳಲ್ಲಿ ಟೈಲೋಸಿನ್ ಅನ್ನುವ ಆಂಟಿಬಯೋಟಿಕ್ ಇತ್ತು. ಅನುಮತಿ ಇಲ್ಲದೆ ಅದನ್ನು ಮಾರುತ್ತಿದ್ದ ಕಂಪನಿಗಳಿಗೆ ಅಮೆರಿಕದ ಎಫ್‌ಡಿಎ 2014ರಲ್ಲಿ ಎಚ್ಚರಿಕೆ ಪತ್ರ ಕಳಿಸಿತು. ಯೋಚಿಸಿ, ಫೋಟೋದಲ್ಲಿ ಮುಖ ಬೆಳ್ಳಗೆ ಕಾಣಲಿ ಅಂತ ನಾಯಿಗೆ ದಿನಾ ಆಂಟಿಬಯೋಟಿಕ್! ಕಲೆ ನಾಯಿಗೆ ಕನ್ನಡಿಯಲ್ಲಿ ಕಾಣಲ್ಲ. ಕಾಣೋದು ನಮಗೆ. ಆ ಮುಖಕ್ಕೆ ಏನು ಬೆಲೆ ತೆತ್ತಿದ್ದೇವೆ ಅನ್ನೋದರ ರಸೀದಿ ಅದು, ಹರಿದು ಹಾಕಿದರೆ ನೆಮ್ಮದಿ.

ಆ ಮುಖ ನಮಗೆ ಯಾಕೆ ಬೇಕಿತ್ತು? ದೊಡ್ಡ ಕಣ್ಣು, ಉಬ್ಬಿದ ಹಣೆ, ದುಂಡು ಕೆನ್ನೆ ಕಂಡರೆ ನಮ್ಮೊಳಗೆ ಮಗುವನ್ನು ಎತ್ತಿಕೊಳ್ಳುವ ಆಸೆ ಹುಟ್ಟುತ್ತೆ ಅಂತ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಬರೆದಿದ್ದ. ಇನ್ನೊಂದು ಸಂಗತಿ ಇದೆ. 2022ರಲ್ಲಿ ಜಪಾನಿನ ಸಂಶೋಧಕರು, ಯಜಮಾನರನ್ನು ಮತ್ತೆ ಕಂಡಾಗ ನಾಯಿಗಳ ಕಣ್ಣೀರು ಹೆಚ್ಚುತ್ತೆ ಅಂತ ವರದಿ ಮಾಡಿದರು. ಕಣ್ಣಿಗೆ ಕೃತಕ ಕಣ್ಣೀರು ಹಾಕಿ ತೆಗೆದ ನಾಯಿಯ ಫೋಟೋ ನೋಡಿದವರಿಗೆ ಅದನ್ನು ಆರೈಕೆ ಮಾಡಬೇಕು ಅನ್ನಿಸೋದು ಹೆಚ್ಚಂತೆ. ಅಂದರೆ ಒದ್ದೆ ಕಣ್ಣೂ ನಮ್ಮನ್ನು ಸೆಳೆಯುತ್ತೆ. ದೋಷವೇ ಆಕರ್ಷಣೆಯೂ ಆಗಿಬಿಟ್ಟರೆ ಅದನ್ನು ತಿದ್ದೋ ಮನಸ್ಸು ಯಾರಿಗೆ ಬರುತ್ತೆ?

ಇಲ್ಲಿಗೆ ಬಂದಾಗೆಲ್ಲ ತಂಗಿಯ ಗಂಡ ಒಂದು ಬಾಣ ಬಿಡ್ತಾನೆ. "ಮೂತಿ ಉದ್ದ ಇದ್ದಿದ್ರೆ ಅದು ಬರ್ಫಿನೇ ಆಗ್ತಿರಲಿಲ್ಲ. ಹುಟ್ಟದೇ ಇರೋದಕ್ಕಿಂತ ಸ್ವಲ್ಪ ಕಣ್ಣಲ್ಲಿ ನೀರು ಬರೋದು ವಾಸಿ ತಾನೆ? ಅನ್ಯಾಯ ಆಗಿದ್ದು ಯಾರಿಗೆ ಹೇಳಿ." ಇದು ತಮಾಷೆಯ ಪ್ರಶ್ನೆ ಅಲ್ಲ. ಬ್ರಿಟಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ 'ರೀಸನ್ಸ್ ಅಂಡ್ ಪರ್ಸನ್ಸ್' ಪುಸ್ತಕದಲ್ಲಿ ಮನುಷ್ಯರ ವಿಷಯಕ್ಕೆ ಇದೇ ಗಂಟನ್ನು ಹಿಡಿದು ಒದ್ದಾಡಿದ್ದ. ಯಾವ ಆಯ್ಕೆಯಿಂದ ನಾನು ಹುಟ್ಟಿದೆನೋ ಅದೇ ಆಯ್ಕೆ ನನಗೆ ಕೇಡು ಮಾಡಿತು ಅನ್ನೋದು ಹೇಗೆ?

ಬರ್ಫಿಯ ಮಟ್ಟಿಗೆ ಅವನ ಮಾತು ಒಪ್ಪುತ್ತೇನೆ. ಅದರ ಬದುಕು ಚೆನ್ನಾಗಿದೆ, ಸೋಫಾದ ಅತಿ ಒಳ್ಳೆಯ ಮೂಲೆ ಅದರದ್ದೇ. ಆದರೆ ದೂರು ಕೊಡುವವರಿಲ್ಲ ಅಂದಮಾತ್ರಕ್ಕೆ ತಪ್ಪೇ ನಡೆದಿಲ್ಲ ಅನ್ನೋದನ್ನ ಒಪ್ಪಲ್ಲ. ಮುಂದಿನ ವರ್ಷ ಎಂಥ ಮರಿ ಹುಟ್ಟಬೇಕು ಅನ್ನೋದು ನಮ್ಮ ಆಯ್ಕೆ ಆಗಿರುವಾಗ, ಕಣ್ಣೀರು ಇಳಿಯಲು ದಾರಿ ಇಲ್ಲದ ಮುಖವನ್ನೇ ಆರಿಸೋದು ಕೆಟ್ಟ ಆಯ್ಕೆ. ಹುಟ್ಟಿದ ಮೇಲೆ ಆ ಮರಿ ಬಾಲ ಅಲ್ಲಾಡಿಸಿದರೂ ಅಷ್ಟೆ. ಮನೆಯಲ್ಲಿರೋ ನಾಯಿಯ ಖಾತೆ ಬೇರೆ, ಇನ್ನೂ ಹುಟ್ಟದ ನಾಯಿಯ ಖಾತೆ ಬೇರೆ. ಮೊದಲನೆಯದಕ್ಕೆ ಎಷ್ಟು ಹತ್ತಿ ಸುರಿದರೂ ಎರಡನೆಯದಕ್ಕೆ ಜಮೆ ಆಗಲ್ಲ. "ಇದನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದೀವಲ್ಲ, ಜೊತೆಗೆ ಇನ್ನೊಂದು ತರೋಣ" ಅನ್ನೋರು ಈ ಎರಡನ್ನೂ ಕಲಸಿಬಿಡ್ತಾರೆ.

ನೆದರ್‌ಲ್ಯಾಂಡ್ಸ್ ಅಳತೆಪಟ್ಟಿಯನ್ನೇ ಹಿಡಿದಿದೆ. ತಲೆಬುರುಡೆಯ ಉದ್ದದ ಮೂರನೇ ಒಂದು ಭಾಗದಷ್ಟಾದರೂ ಮೂತಿ ಇಲ್ಲದ ನಾಯಿಯಿಂದ ಮರಿ ಹಾಕಿಸುವಂತಿಲ್ಲ ಅಂತ 2019ರಿಂದ ಅಲ್ಲಿನ ಬಿಗಿ ನಿಯಮ. ನಮ್ಮಲ್ಲಿ ದೊಡ್ಡ ಸುದ್ದಿಯಾಗಿದ್ದು 2024ರ ಮಾರ್ಚಿನಲ್ಲಿ 23 'ಉಗ್ರ' ತಳಿಗಳ ಮೇಲೆ ಕೇಂದ್ರ ಹೊರಡಿಸಿದ ಸುತ್ತೋಲೆ. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಾಯಿ ನಮಗೇನು ಮಾಡೀತು ಅನ್ನೋ ಚರ್ಚೆಗೆ ಟಿವಿಯಲ್ಲಿ ಒಂದು ಗಂಟೆ ಸಿಗುತ್ತೆ, ನಾವು ನಾಯಿಗೇನು ಮಾಡಿದ್ದೇವೆ ಅನ್ನೋದಕ್ಕೆ ಜಾಹೀರಾತಿನ ಮಧ್ಯೆಯೂ ಜಾಗವಿಲ್ಲ.

ಹೋದ ತಿಂಗಳು ಆಫೀಸಿನ ಗೆಳತಿಯೊಬ್ಬಳು ಶಿಟ್ಜು ಮರಿ ತಗೊಳ್ಳೋಕೆ ಹೊರಟಿದ್ದಳು. ಬೇಡ ಅನ್ನಲಿಲ್ಲ. 2017ರ ನಿಯಮದ ಪ್ರಕಾರ ಮರಿ ಹಾಕಿಸಿ ಮಾರುವವರು ನೋಂದಾಯಿಸಿರಬೇಕು, ಆ ಕಾಗದ ಕೇಳು, ಆಮೇಲೆ ತಾಯಿನಾಯಿಯ ಮುಖ ನೋಡು ಅಂದೆ. ಎರಡು ದಿನ ಬಿಟ್ಟು ಹೇಳಿದಳು, ತಾಯಿನ ತೋರ್ಸೋಕಾಗಲ್ಲ ಅಂದ್ರಂತೆ. ವಾಟ್ಸಾಪಿನಲ್ಲಿ ಮರಿಯ ಫೋಟೋ ಮಾತ್ರ ಬಂದಿತ್ತು. ಮುಖ ಹಾಲಿನಷ್ಟು ಬೆಳ್ಳಗಿತ್ತು.