ದಂಡ ಕಟ್ಟಿದರೆ ಋಣ ತೀರಿತೇ?

ಜೆರಿಕೋ ಪಟ್ಟಣದ ಜಕ್ಕಾಯನ ಕಥೆಯನ್ನು ಅರಿಯದ ಕ್ರೈಸ್ತ ಮನೆ ಇರಲಾರದು. ಕುಳ್ಳನಾದ ಆ ಸುಂಕದವನು ಮರವೇರಿ ಕುಳಿತ ದೃಶ್ಯವನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಇಂದಿಗೂ ಚಿತ್ರಿಸುತ್ತಾರೆ. ಆದರೆ ಕಥೆಯ ತಿರುಳಿರುವುದು ಮರದಿಂದ ಇಳಿದ ಮೇಲೆ ಅವನಾಡಿದ ಮಾತಿನಲ್ಲಿ. ತಾನು ಯಾರಿಗಾದರೂ ಮೋಸಮಾಡಿದ್ದರೆ ಅದರ ನಾಲ್ಕರಷ್ಟನ್ನು ಹಿಂದಿರುಗಿಸುವೆನೆಂದು ಅವನು ಯೇಸುಸ್ವಾಮಿಯ ಎದುರು ಮಾತುಕೊಟ್ಟ. ಹಿಂದಿರುಗಿಸುವುದು ಯಾರಿಗೆ? ಕಳೆದುಕೊಂಡವನಿಗೆ. ಮಾತುಕೊಟ್ಟದ್ದು ಯಾವಾಗ? ಅಂದೇ, ಯಾವ ನ್ಯಾಯಾಲಯವೂ ಕರೆಯುವ ಮೊದಲೇ.

ಈ ಹಳೆಯ ಕಥೆಯನ್ನು ನೆನೆಯಲು ನಮ್ಮ ಕಾಲದ ಒಂದು ಮೊಕದ್ದಮೆ ಕಾರಣವಾಗಿದೆ. ಬ್ರಿಟನ್ನಿನ ದಂಪತಿಗಳಿಬ್ಬರು 2006ರಲ್ಲಿ ಫೌಂಡೆಮ್ ಎಂಬ ಅಂತರ್ಜಾಲ ತಾಣವನ್ನು ತೆರೆದರು. ಒಂದೇ ವಸ್ತುವಿಗೆ ಬೇರೆ ಬೇರೆ ಅಂಗಡಿಗಳಲ್ಲಿ ಇರುವ ಬೆಲೆಯನ್ನು ಹೋಲಿಸಿ ತೋರಿಸುವುದು ಅದರ ಕೆಲಸ. ತೆರೆದ ಕೆಲವೇ ದಿನಗಳಲ್ಲಿ ಗೂಗಲ್ ಹುಡುಕಾಟದ ಪಟ್ಟಿಯಲ್ಲಿ ಅವರ ತಾಣ ಕಣ್ಣಿಗೆ ಬೀಳದಷ್ಟು ಕೆಳಕ್ಕೆ ಇಳಿಯಿತು. ಮನವಿಗಳು ಫಲಿಸಲಿಲ್ಲ. 2009ರಲ್ಲಿ ಅವರು ಐರೋಪ್ಯ ಆಯೋಗಕ್ಕೆ ದೂರು ಸಲ್ಲಿಸಿದರು. ಮರುವರ್ಷ ನವೆಂಬರಿನಲ್ಲಿ ವಿಚಾರಣೆ ಆರಂಭವಾಯಿತು. 2017ರ ಜೂನ್ 27ರಂದು ಆಯೋಗವು ಗೂಗಲ್ ಸಂಸ್ಥೆಗೆ 242 ಕೋಟಿ ಯೂರೊ ದಂಡ ವಿಧಿಸಿತು. ಮೇಲ್ಮನವಿಗಳು ನಡೆದು, 2024ರ ಸೆಪ್ಟೆಂಬರ್ 10ರಂದು ಐರೋಪ್ಯ ಒಕ್ಕೂಟದ ಅತ್ಯುನ್ನತ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಫೌಂಡೆಮ್ ಬಾಗಿಲು ಮುಚ್ಚಿ ಎಂಟು ವರ್ಷಗಳಾಗಿದ್ದವು.

ಇಲ್ಲಿ ನಡೆದ ತಪ್ಪಾದರೂ ಏನು? ದೊಡ್ಡದಾಗಿ ಬೆಳೆಯುವುದು ತಪ್ಪಲ್ಲ; ಕಾನೂನೂ ಹಾಗೆ ಹೇಳುವುದಿಲ್ಲ, ಧರ್ಮಸಭೆಯೂ ಹಾಗೆ ಬೋಧಿಸುವುದಿಲ್ಲ. ನಮ್ಮ ವಾರದ ಸಂತೆಯನ್ನು ಕಲ್ಪಿಸಿಕೊಳ್ಳಿ. ಸಂತೆಗೆಲ್ಲ ಒಂದೇ ತಕ್ಕಡಿ. ಅದನ್ನು ಹಿಡಿದವನು ತಾನೂ ಒಂದು ಅಂಗಡಿ ಇಟ್ಟುಕೊಂಡಿದ್ದಾನೆ. ತನ್ನ ಸರಕಿಗೆ ಒಂದು ಬಗೆಯ ತೂಕ, ನೆರೆಯವನ ಸರಕಿಗೆ ಇನ್ನೊಂದು ಬಗೆಯ ತೂಕ! ಆಯೋಗ ಕಂಡುಕೊಂಡದ್ದು ಇಂಥದನ್ನೇ. ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಹುಡುಕಾಟದ ಶೇಕಡಾ 90ಕ್ಕೂ ಹೆಚ್ಚು ಪಾಲು ಗೂಗಲ್‌ನದು. ಅದು ತನ್ನದೇ ಬೆಲೆ ಹೋಲಿಕೆಯ ಸೇವೆಯನ್ನು ಪುಟದ ನೆತ್ತಿಯ ಮೇಲಿಟ್ಟಿತು. ಎದುರಾಳಿಗಳ ಪೈಕಿ ಎಲ್ಲರಿಗಿಂತ ಮೇಲಿದ್ದವನೂ ಸರಾಸರಿ ನಾಲ್ಕನೆಯ ಪುಟದಲ್ಲಿ ಕಾಣಿಸುತ್ತಿದ್ದ. ಜನರ ಶೇಕಡಾ 95ರಷ್ಟು ಆಯ್ಕೆಗಳು ಮೊದಲ ಪುಟದಲ್ಲೇ ಮುಗಿದುಹೋಗುತ್ತವೆ. ನಾಲ್ಕನೆಯ ಪುಟವೆಂದರೆ ಊರಾಚೆಯ ಕಾಡು.

ಗೂಗಲ್ ತನ್ನ ಪರವಾಗಿಯೂ ವಾದ ಹೂಡಿತು. ಈ ಬದಲಾವಣೆಗಳಿಂದ ಬಳಸುವವರಿಗೆ ಅನುಕೂಲವೇ ಆಯಿತೆಂಬುದು ಅದರ ನಿಲುವು. ಹುಡುಕಾಟಕ್ಕೆ ನಾವು ಹಣ ತೆರುವುದಿಲ್ಲ. ಹಾಗಿರುವಾಗ ನಷ್ಟವಾದದ್ದು ಯಾರಿಗೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅಂಕೀಯ ಮಾರುಕಟ್ಟೆಯ ಅನ್ಯಾಯದಲ್ಲಿ ಕಣ್ಣೀರು ಕಾಣಿಸುವುದಿಲ್ಲ. ಕೊಳ್ಳುವವನಿಗೆ ತನಗೆ ತೋರಿಸದೆ ಉಳಿದದ್ದು ಏನೆಂಬುದೇ ತಿಳಿಯದು. ಕಂಡದ್ದೇ ಲೋಕವೆಂದು ನಂಬಿ ಅವನು ಮುಂದೆ ಹೋಗುತ್ತಾನೆ. ಕಾಣದ ಈ ತಪ್ಪನ್ನು ಸಿದ್ಧಪಡಿಸಲು ಆಯೋಗವು ಸುಮಾರು 170 ಕೋಟಿ ಹುಡುಕಾಟಗಳ ಮಾಹಿತಿಯನ್ನು ಪರಿಶೀಲಿಸಬೇಕಾಯಿತು. ಬಲಿಷ್ಠನಿಗೂ ತನ್ನ ಮಾತು ಹೇಳುವ ಹಕ್ಕಿದೆ. ಅವನನ್ನು ಕೇಳದೆ ದಂಡಿಸುವುದೂ ಅನ್ಯಾಯವೇ. ಆದುದರಿಂದ ವಿಳಂಬವನ್ನೆಲ್ಲ ದುರುದ್ದೇಶವೆಂದು ನಾನು ಹೇಳಲಾರೆ.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ದಂಡದ ಆ ಮೊತ್ತ ಹೋಗುವುದು ಐರೋಪ್ಯ ಒಕ್ಕೂಟದ ಸಾಮಾನ್ಯ ನಿಧಿಗೆ. ಅದರಲ್ಲಿ ದೂರು ಕೊಟ್ಟವರಿಗೆ ಪಾಲಿಲ್ಲ. ತಮಗಾದ ನಷ್ಟವನ್ನು ಪಡೆಯಬೇಕಾದರೆ ಅವರು ಬೇರೆಯೇ ದಾವೆ ಹೂಡಬೇಕು, ಮತ್ತೆ ವರ್ಷಗಟ್ಟಲೆ ಕಾಯಬೇಕು.

ನಮ್ಮ ದೇಶದಲ್ಲಿಯೂ ದಾರಿ ಇದೇ. 2002ರ ಸ್ಪರ್ಧಾ ಕಾಯಿದೆಯಡಿ ರಚಿತವಾದ ಭಾರತೀಯ ಸ್ಪರ್ಧಾ ಆಯೋಗವು, 2012ರಲ್ಲಿ ಬಂದ ದೂರುಗಳನ್ನು ಪರಿಶೀಲಿಸಿ, ಹುಡುಕಾಟದಲ್ಲಿನ ಪಕ್ಷಪಾತಕ್ಕಾಗಿ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಮೊಬೈಲುಗಳ ವಿಷಯದಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ಆಯೋಗದ ಕೆಲವು ನಿರ್ದೇಶನಗಳನ್ನು ಕೈಬಿಟ್ಟಿತು. ನಮ್ಮಲ್ಲಿ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ನೊಂದವರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಅದಕ್ಕೂ ಪ್ರತ್ಯೇಕ ಅರ್ಜಿಯೇ ಬೇಕು.

ಗುರುಮಠದಲ್ಲಿ ನೀತಿಶಾಸ್ತ್ರದ ಪಾಠವೊಂದನ್ನು ನಮಗೆ ಮತ್ತೆ ಮತ್ತೆ ಕಲಿಸುತ್ತಿದ್ದರು. ಕದ್ದವನು ಪಾಪನಿವೇದನೆ ಮಾಡಿದರೆ ದೇವರು ಕ್ಷಮಿಸುತ್ತಾರೆ. ಆದರೆ ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಕ್ಷಮೆಯಿಂದ ಅಳಿಯುವುದಿಲ್ಲ. ಶಿಕ್ಷೆ ಬೇರೆ, ಋಣ ಬೇರೆ. ಶಿಕ್ಷೆ ಸಮಾಜಕ್ಕೆ ಸಲ್ಲುವಂಥದು. ಋಣ ನೊಂದವನಿಗೆ ಸಲ್ಲುವಂಥದು. ಇಂದಿನ ಸ್ಪರ್ಧಾ ಕಾನೂನು ಮೊದಲನೆಯದನ್ನು ಕಷ್ಟಪಟ್ಟಾದರೂ ನೆರವೇರಿಸುತ್ತಿದೆ. ಎರಡನೆಯದು ಬಹುಮಟ್ಟಿಗೆ ಉಳಿದೇ ಹೋಗಿದೆ. ಋಣಕ್ಕೆ ಗಡುವೂ ಉಂಟು. ದಿನಗೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ ವಿಧಿಸುತ್ತದೆ. ಏಕೆಂದರೆ ಆ ಹಣ ಬೇಕಾಗಿರುವುದು ಆ ರಾತ್ರಿಯ ಊಟಕ್ಕೆ.

ವಿಳಂಬದ ಈ ಕಷ್ಟವನ್ನು ಕಾನೂನು ಮಾಡುವವರೂ ಅರಿತಿದ್ದಾರೆ. ಐರೋಪ್ಯ ಒಕ್ಕೂಟವು ಬೃಹತ್ ಸಂಸ್ಥೆಗಳನ್ನು ದ್ವಾರಪಾಲಕರೆಂದು ಹೆಸರಿಸಿ, ಅವು ಮಾಡಬಾರದ ಕೆಲಸಗಳನ್ನು ಮುಂಚಿತವಾಗಿಯೇ ಪಟ್ಟಿಮಾಡಿತು. ಆ ಹೊಣೆಗಳು 2024ರ ಮಾರ್ಚ್‌ನಿಂದ ಅನ್ವಯಿಸಿವೆ. ಅದೇ ತಿಂಗಳು ನಮ್ಮ ದೇಶದಲ್ಲಿಯೂ ಸರ್ಕಾರ ನೇಮಿಸಿದ ಸಮಿತಿಯೊಂದು ಇಂಥದೇ ಮಸೂದೆಯ ಕರಡನ್ನು ಮುಂದಿಟ್ಟಿತು. ಕೆಲವರಿಗೆ ಇದು ಅತಿಯಾಯಿತೆನಿಸಬಹುದು. ತಪ್ಪು ನಡೆಯುವ ಮುನ್ನವೇ ಕಟ್ಟುಪಾಡೇಕೆ ಎನ್ನಬಹುದು. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯವನ್ನು ಅವರು ಗಮನವಿಟ್ಟು ಓದಲಿ. ಸುಳ್ಳು ತೂಕದಿಂದ ಮಾರಬಾರದೆಂದಷ್ಟೇ ಅಲ್ಲಿ ಹೇಳಿಲ್ಲ. ಎರಡು ಬಗೆಯ ತೂಕದ ಕಲ್ಲುಗಳನ್ನು ಚೀಲದಲ್ಲಿ ಇಟ್ಟುಕೊಳ್ಳುವುದನ್ನೇ ನಿಷೇಧಿಸಲಾಗಿದೆ. ಮನುಷ್ಯನ ಕೈ ಹತ್ತಿರವಿದ್ದದ್ದನ್ನು ಬಳಸಿಯೇ ಬಳಸುತ್ತದೆಂದು ಆ ಹಳೆಯ ಧರ್ಮಶಾಸ್ತ್ರ ಬಲ್ಲದು. ಪೋಪ್ 11ನೇ ಭಕ್ತಿನಾಥರು 1931ರ ತಮ್ಮ ವಿಶ್ವಪತ್ರದಲ್ಲಿ ಆರ್ಥಿಕ ಶಕ್ತಿ ಕೆಲವೇ ಕೈಗಳಲ್ಲಿ ಸೇರುವುದರ ಬಗ್ಗೆ ಎಚ್ಚರಿಸಿದ್ದೂ ಈ ಅರಿವಿನಿಂದಲೇ.

ಪ್ರಿಯ ಓದುಗರೇ, ಇದೆಲ್ಲ ದೂರದ ದೊಡ್ಡವರ ಜಗಳವೆಂದು ಪುಟ ತಿರುಗಿಸಬೇಡಿ. ತಕ್ಕಡಿ ನಮ್ಮ ಕೈಯಲ್ಲಿಯೂ ಇದೆ. ಆಸ್ತಿ ಹಂಚುವ ಹಿರಿಯಣ್ಣನ ಕೈಯಲ್ಲಿದೆ. ಕೂಲಿ ಲೆಕ್ಕ ಬರೆಯುವ ಮೇಸ್ತ್ರಿಯ ಕೈಯಲ್ಲಿದೆ. ಶಾಲೆಯ ಪ್ರವೇಶವನ್ನೂ ಕಟ್ಟಡದ ಗುತ್ತಿಗೆಯನ್ನೂ ನಿರ್ಧರಿಸುವ ನಾವು ಯಾಜಕರೂ ಇದಕ್ಕೆ ಹೊರತಲ್ಲ. ನಾವು ಯಾರನ್ನಾದರೂ ನಾಲ್ಕನೆಯ ಪುಟಕ್ಕೆ ತಳ್ಳಿದ್ದೇವೆಯೇ? ತಳ್ಳಿದ್ದರೆ, ದೇವಾಲಯದ ಹುಂಡಿಗೆ ದೊಡ್ಡ ಕಾಣಿಕೆ ಹಾಕಿದ ಮಾತ್ರಕ್ಕೆ ಆ ಲೆಕ್ಕ ಚುಕ್ತಾ ಆಗುವುದಿಲ್ಲ. ಆ ಮನುಷ್ಯನ ಮನೆಯ ಬಾಗಿಲಿಗೇ ಹೋಗಬೇಕು. ಅವನ ಅಂಗಡಿ ತೆರೆದಿರುವಾಗಲೇ ಹೋಗಬೇಕು.